ಮೇರಿಲ್ಯಾಂಡಿನ ಸೋದರಮಾವ

ಮುರಳೀಧರನ ಆ ದಿನದ ಫಜೀತಿಗೆಲ್ಲ ಕಾರಣ ಒಂದು ಗುಟುಕು ನೀರು. ಅವನಿಗೆ ಅಂಥ ಬಾಯಾರಿಕೆಯೂ ಆಗಿರಲಿಲ್ಲ. ಸುಮ್ಮನೆ ಕೂತಿರಲಾರದೆ ಕುಡಿದ, ಅಷ್ಟೆ.

ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ. ಅಮೆರಿಕದ ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ, ಎಲ್ಲ ಸೇರಿ ಹದಿನಾಲ್ಕೇ ಜನರಿರುವ ಕಂಪನಿ. ಅದರ ಮಾಲೀಕರು ಡೆನಿಸ್ ವಾಟ್ಕಿನ್ಸ್. ವಯಸ್ಸು ಅರವತ್ತೆಂಟು, ಎತ್ತರ ಆರಡಿ ಎರಡಂಗುಲ, ಸ್ವಭಾವದಲ್ಲಿ ಸತ್ಯಹರಿಶ್ಚಂದ್ರನ ಖಾಸಾ ತಮ್ಮ. ಕೆಂಪು ದೀಪವಿದ್ದರೆ ನಿರ್ಜನ ರಸ್ತೆಯಲ್ಲೂ ಕಾರು ನಿಲ್ಲಿಸಿ ಕೂರುವ ಜಾತಿ. ಅವರ ಮುಂದೆ ಮುರಳೀಧರನ ಗ್ರೀನ್ ಕಾರ್ಡಿನ ಮೊಟ್ಟಮೊದಲ ಅರ್ಜಿ ಇತ್ತು. ಅದರಲ್ಲಿ ಮಾಲೀಕರು ತುಂಬಿ ಸಹಿ ಹಾಕಬೇಕಾದ ನಾಲ್ಕು ಪುಟಗಳಿದ್ದವು.

ಆ ಸಹಿ ಅಂದೇ ಆಗಬೇಕಿತ್ತು. ಮುರಳೀಧರನ ವೀಸಾಕ್ಕೆ ಆರು ವರ್ಷದ ಗಡುವು. ಐದು ತುಂಬುವುದರೊಳಗೆ ಈ ಅರ್ಜಿ ಸರಕಾರಕ್ಕೆ ಸೇರಿದರೆ ಮುಂದೆ ಉಳಿಯಬಹುದು. ಇಲ್ಲದಿದ್ದರೆ ಆರು ಮುಗಿದ ದಿನ ಗಂಟುಮೂಟೆ ಕಟ್ಟಬೇಕು. ಅವನಿಗೆ ಐದು ತುಂಬುವುದು ಮಾರನೆಯ ದಿನ. ಈ ಕೆಲಸಕ್ಕೆ ಅಮೆರಿಕದವರು ಯಾರೂ ಸಿಗಲಿಲ್ಲ ಎಂದು ತೋರಿಸಲು ಜಾಹೀರಾತು ಕೊಡು, ಸಂದರ್ಶನ ಮಾಡು, ಕಾಗದ ಸೇರಿಸು ಎಂದು ವಕೀಲೆ ಒಂದೂವರೆ ವರ್ಷ ಎಳೆದು, ಕೊನೆಯ ದಿನಕ್ಕೆ ತಂದು ನಿಲ್ಲಿಸಿದ್ದಳು. "ಸಂಜೆ ಐದರೊಳಗೆ ನನ್ನ ಕೈಗೆ ಬರಬೇಕು" ಎಂದು ಹಿಂದಿನ ದಿನ ಮೂರು ಸಲ ಫೋನು ಮಾಡಿದ್ದಳು.

ವಾಟ್ಕಿನ್ಸ್ ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. ಮುರಳೀಧರ ಕುರ್ಚಿಯ ತುದಿಗೆ ಸರಿದ. ಕೈಗೆ ಕೆಲಸ ಬೇಕಲ್ಲ, ನೀರಿನ ಬಾಟಲಿ ಎತ್ತಿಕೊಂಡ. ಎಂಜಲು ಮಾಡಬಾರದು ಎಂದು ಅಜ್ಜಿ ತಲೆಗೆ ಮೊಟಕಿ ಮೊಟಕಿ ಕಲಿಸಿದ ಹಾಗೆ, ಕತ್ತು ಹಿಂದಕ್ಕೆ ಬಗ್ಗಿಸಿ, ಬಾಟಲಿಯನ್ನು ಗೇಣೆತ್ತರ ಹಿಡಿದು, ತುಟಿಗೆ ತಾಕಿಸದೆ ಗಟಗಟ ಸುರಿದುಕೊಂಡ.

ಕತ್ತು ಇಳಿಸಿ ನೋಡುತ್ತಾನೆ, ಸಾಹೇಬರ ಪೆನ್ನು ಮೇಜಿನ ಮೇಲೆ ಬಿದ್ದಿದೆ. ಬಾಯಿ ತೆರೆದುಕೊಂಡಿದೆ.

"ಇನ್ನೊಂದು ಸಲ ಕುಡಿ" ಎಂದರು. ಸಾಹೇಬರ ಮಾತೆಲ್ಲ ಇಂಗ್ಲಿಷಿನದೇ. ಕತೆಗಾಗಿ ಕನ್ನಡಕ್ಕೆ ತಂದುಕೊಂಡಿದೆ.

"ಸಾರಿ ಸರ್, ಚೆಲ್ಲಿತಾ?"

"ಕುಡಿ ಮುರಳಿ, ದಯವಿಟ್ಟು."

ಮಾಲೀಕ ಹೇಳಿದರೆ ಕುಡಿಯದೆ ಇರಲಾದೀತೇ? ಕುಡಿದ. ಸಾಹೇಬರ ಕಣ್ಣು ತುಂಬಿ ಬಂತು. ಅರ್ಜಿಯನ್ನು ಪಕ್ಕಕ್ಕೆ ಸರಿಸಿ, ಡ್ರಾಯರಿನಿಂದ ಒಂದು ಫೈಲು ತೆಗೆದರು.

ವಿಷಯ ಇಷ್ಟು. ಸಾಹೇಬರು ಎರಡು ವರ್ಷದಿಂದ ತಮ್ಮ ವಂಶದ ಬೇರು ಹುಡುಕುತ್ತಿದ್ದರು. ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ದಕ್ಷಿಣ ಭಾರತದ್ದೂ ಒಂಚೂರು ಇದೆ ಎಂದು ಬಂದಿತ್ತು. ಶೇಕಡಾ ಒಂದಕ್ಕೂ ಕಡಿಮೆ, ಉಪ್ಪಿನಕಾಯಿಗೆ ಇಂಗು ಹಾಕಿದಷ್ಟು. ಮನೆಯಲ್ಲಿ ಯಾರಾದರೂ ಕಪ್ಪಗೆ ಹುಟ್ಟಿದರೆ "ಅದು ಪೋರ್ಚುಗೀಸ್ ರಕ್ತ" ಎಂದು ಹಿರಿಯರು ಬಾಯಿ ಮುಚ್ಚಿಸುತ್ತಿದ್ದರಂತೆ. ಈಗ ದಕ್ಷಿಣ ಮೇರಿಲ್ಯಾಂಡಿನ ಒಂದು ಕೋರ್ಟಿನ ಹಳೆಯ ಕಡತದಿಂದ ನಿಜ ಹೊರಬಿದ್ದಿತ್ತು. ಅಂದು ಬೆಳಿಗ್ಗೆಯಷ್ಟೇ ಅದರ ನಕಲು ಬಂದಿತ್ತು.

ಸಾಹೇಬರು ಓದಿದರು. ೧೭೦೧ನೇ ಇಸವಿ. ಪೀಟರ್ ಎಂಬ ಈಸ್ಟ್ ಇಂಡಿಯನ್, ಅಂದರೆ ನಮ್ಮ ದೇಶದವನು, ಸಾಹೇಬರ ವಂಶದ ಮೂಲಪುರುಷ. ಯಾವನೋ ಹಡಗಿನ ಕ್ಯಾಪ್ಟನ್ ಅವನನ್ನು ಏಳು ವರ್ಷದ ಕರಾರಿಗೆ ಆಳಾಗಿ ತಂದು ತಂಬಾಕು ತೋಟದ ಒಡೆಯನಿಗೆ ಮಾರಿದ. ಒಂಬತ್ತು ವರ್ಷವಾದರೂ ಒಡೆಯ ಬಿಡಲಿಲ್ಲ. ಕಾಗದ ಕಳೆದುಹೋಗಿದೆ ಎಂದ. ಪೀಟರ್ ಕೋರ್ಟಿಗೆ ಅರ್ಜಿ ಹಾಕಿದ. ಒಡೆಯನ ಕಡೆಯ ಸಾಕ್ಷಿ ಹೇಳಿದ: ಇವನಿಗೆ ಬುದ್ಧಿ ಸ್ವಾಧೀನವಿಲ್ಲ, ನೀರಿನ ಹೂಜಿಯನ್ನು ಬಾಯಿಗೆ ತಾಕಿಸದೆ ಮೇಲೆತ್ತಿ ಗಂಟಲಿಗೆ ಸುರಿದುಕೊಳ್ಳುತ್ತಾನೆ.

"ನನ್ನ ತಾತನೂ ಹಾಗೇ ಕುಡಿಯುತ್ತಿದ್ದರು" ಎಂದರು ಸಾಹೇಬರು. "ಏಕೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಅವರ ನಂತರ ನಾನು ನೋಡಿದ್ದು ಇವತ್ತು ನಿನ್ನನ್ನೇ. ಮುರಳಿ, ಪೀಟರ್ ಯಾವ ಊರಿನವನು?"

ಮುರಳೀಧರನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನನ್ನ ಕರಾರೇ ಮುಗಿಯುತ್ತಿದೆ ಮಹರಾಯ, ಪೀಟರನ ಕರಾರು ಕಟ್ಟಿಕೊಂಡು ನನಗೇನಾಗಬೇಕು? ಆದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ.

"ಸರ್, ಆ ಅರ್ಜಿ ಒಂದು ಮುಗಿಸಿಬಿಟ್ಟರೆ..."

"ಓದದೆ ನಾನು ಸಹಿ ಹಾಕುವುದಿಲ್ಲ. ಈಗ ನನಗೆ ಅಕ್ಷರವೇ ಕಾಣುತ್ತಿಲ್ಲ. ಮೊದಲು ಪೀಟರ್, ಆಮೇಲೆ ಅರ್ಜಿ."

ಇಲ್ಲಿ ಮುರಳೀಧರ ಎರಡನೆಯ ತಪ್ಪು ಮಾಡಿದ. ಈ ಪೀಡೆಯನ್ನು ಯಾರಿಗಾದರೂ ದಾಟಿಸೋಣ ಎಂದು, "ನನಗೆ ಗೊತ್ತಿರುವ ಒಬ್ಬ ಹಿರಿಯರಿದ್ದಾರೆ, ಇಂಥದ್ದರಲ್ಲೆಲ್ಲ ನಿಸ್ಸೀಮರು" ಎಂದು ತ್ಯಾಗರಾಜ ಅಂಕಲ್‌ಗೆ ಫೋನು ಹಚ್ಚಿದ.

ತ್ಯಾಗರಾಜರು ಮೈಸೂರಿನ ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ದುಡಿದು, ಈಗ ಹೆಂಡತಿ ಶೈಲಜಾ ಸಮೇತ ಮಗನ ಮನೆಗೆ ಬಂದು ಕೂತವರು. ಮುರಳೀಧರನ ಅಪಾರ್ಟ್‌ಮೆಂಟಿನ ಕೆಳಗಿನ ಮನೆ. ಎಂಥ ಅಪರಿಚಿತನೇ ಆಗಲಿ, ಎದುರಿಗೆ ಕೂರಿಸಿಕೊಂಡು ಯಾವೂರು, ಯಾರ ಪೈಕಿ, ತಾಯಿಯ ತವರು ಯಾವುದು ಎಂದು ಮೂರು ಪ್ರಶ್ನೆ ಹಾಕಿದರೆ ನಾಲ್ಕನೆಯದಕ್ಕೆ ಅವನು ಇವರ ನೆಂಟನಾಗಿಬಿಡುತ್ತಿದ್ದ. ಅಮೆರಿಕಕ್ಕೆ ಬಂದ ಮೇಲೆ ಈ ವಿದ್ಯೆಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದರು.

"ಫೋನಲ್ಲಿ ಸಂಬಂಧ ಹೇಳಕ್ಕಾಗತ್ತೇನಯ್ಯಾ? ಮುಖ ನೋಡ್ಬೇಕು. ಕರ್ಕೊಂಡು ಬಾ!"

"ಅಂಕಲ್, ನನಗಿವತ್ತು ಡೆಡ್‌ಲೈನ್ ಇದೆ..."

"ಬಾರಯ್ಯ ಸುಮ್ನೆ. ಇವಳು ಉಪ್ಪಿಟ್ಟು ಕೆದಕ್ತಾ ಇದಾಳೆ."

ಸಾಹೇಬರು ಆಗಲೇ ಕೋಟು ಹಾಕಿಕೊಂಡಿದ್ದರು. ಮುರಳೀಧರ ಅರ್ಜಿಯನ್ನೂ ಪೆನ್ನನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದೆ ಓಡಿದ.

ತ್ಯಾಗರಾಜರು ಬಿಳಿ ಪಂಚೆಯುಟ್ಟು ಬಾಗಿಲಲ್ಲೇ ನಿಂತಿದ್ದರು. ಸಾಹೇಬರನ್ನು ಸೋಫಾದ ಮೇಲೆ ಕೂರಿಸಿ, ಕನ್ನಡಕ ಏರಿಸಿ, ಹಿಂದಿನಿಂದಲೂ ಮುಂದಿನಿಂದಲೂ ನೋಡಿದರು.

"ಮನೆದೇವರು ಯಾವ್ದು ಕೇಳು."

ಮುರಳೀಧರ ಕೇಳಿದ. "ನಾವು ಮೆಥಡಿಸ್ಟ್ ಚರ್ಚಿನವರು" ಎಂದರು ಸಾಹೇಬರು.

"ಅದು ಈಗಿಂದಯ್ಯ. ಅದಕ್ಕೆ ಮುಂಚೆ?"

ಅದಕ್ಕೆ ಮುಂಚಿನದು ಸಾಹೇಬರಿಗೆ ತಿಳಿದಿದ್ದರೆ ಇಲ್ಲಿಗೇಕೆ ಬರುತ್ತಿದ್ದರು? ಅಂಕಲ್ ಅದಕ್ಕೆಲ್ಲ ಜಗ್ಗುವವರಲ್ಲ. "ಕಿವಿ ನೋಡು ಮುರಳಿ. ತಳ ಅಗಲ, ತುದಿ ಚೂಪು. ಇದು ಕಾವೇರಿ ಸೀಮೆ ಕಿವಿ. ನಮ್ಮ ತಿರುಮಕೂಡಲು ಪೋಸ್ಟ್‌ಮಾಸ್ಟ್ರಿಗೆ ಹೀಗೇ ಇತ್ತು. ಮದ್ರಾಸಿಗೆ ಹೋಗಿ ಹಡಗು ಹತ್ತಿರ್ತಾನೆ, ಸಂದೇಹವೇ ಇಲ್ಲ."

ಅಷ್ಟರಲ್ಲಿ ಎದುರುಮನೆಯ ವೀರಣ್ಣ ಬಾಗಿಲು ತಳ್ಳಿಕೊಂಡು ಬಂದ. ಬಾಗಲಕೋಟೆ ಕಡೆಯವನು, ಔಷಧಿ ಕಂಪನಿಯಲ್ಲಿ ಇಂಜಿನಿಯರು. ಶುಕ್ರವಾರ ಮನೆಯಿಂದಲೇ ಕೆಲಸ, ಅಂದರೆ ಕೆಲಸವಿಲ್ಲ. ವಿಷಯ ಕೇಳಿ ಅವನು ಕೆರಳಿದ.

"ಏನ ಹೇಳ್ತೀರಿ ಸರ ನೀವು? ಇಸವಿ ನೋಡ್ರಿ ಮೊದಲ. ಬಿಜಾಪುರ ಬಾದಶಾಹಿ ಬಿದ್ದು ಮಂದಿ ದಿಕ್ಕಾಪಾಲಾದ ಕಾಲ ಅದು. ಗೋವಾಕ್ಕ ಹೋಗಿ ಹಡಗ ಹತ್ಯಾನ. ಮತ್ತ ಆ ಎತ್ತರ ನೋಡ್ರಿ ಇವರದು! ಅದು ಅನ್ನ ಉಂಡು ಬೆಳದ ಎತ್ತರ ಅಲ್ರೀ, ಜ್ವಾಳದ ರೊಟ್ಟಿ ಎತ್ತರ."

"ನೀರು ಎತ್ತಿ ಕುಡೀತಿದ್ದ ಅಂತ ಬರೆದಿದೆಯಲ್ಲಯ್ಯ. ಅದು ನಮ್ಮ ಕಡೆ ಮಡಿ."

"ನಮ್ಮ ಕಡೆ ಏನ್ ನಾವು ನಲ್ಲಿಗೆ ಬಾಯಿ ಹಚ್ಚತೀವೇನ್ರೀ? ತಂಬಗಿ ಬಾಯಿಗೆ ಹಚ್ಚಿದ್ರ ನಮ್ಮವ್ವ ಲಟ್ಟಣಗಿ ತಗೊಂಡು ಬಾರಸ್ತಿದ್ಲು!"

ಮುನ್ನೂರು ವರ್ಷದ ಹಿಂದೆ ಸತ್ತ, ಹುಟ್ಟುಹೆಸರೂ ಗೊತ್ತಿಲ್ಲದ ಒಬ್ಬ ಬಡಪಾಯಿಗಾಗಿ ಇಬ್ಬರೂ ತೋಳೇರಿಸಿದರು. ಸಾಹೇಬರು ಆನಂದದಿಂದ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, "ಏನು ಹೇಳುತ್ತಿದ್ದಾರೆ? ಏನು?" ಎಂದು ಕೇಳುತ್ತ, ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಶೈಲಜಾ ಆಂಟಿ ಉಪ್ಪಿಟ್ಟು ತಂದರು. ಸಾಹೇಬರು ಎರಡು ಸಲ ಹಾಕಿಸಿಕೊಂಡರು. "ನೋಡಿದ್ರಾ, ನಮ್ಮವರೇ!" ಎಂದರು ಅಂಕಲ್. "ಉಪ್ಪಿಟ್ಟು ನಮ್ಮ ಕಡೇನೂ ಮಾಡ್ತಾರ್ರೀ!" ಎಂದ ವೀರಣ್ಣ.

ಹನ್ನೊಂದಾಯಿತು, ಹನ್ನೆರಡಾಯಿತು. ಒಂದು ಗಂಟೆಗೆ ವಕೀಲೆಯ ಫೋನು. "ಎಲ್ಲಿ ಸಹಿ?" ಎರಡಕ್ಕೆ ಮತ್ತೆ ಅವಳದೇ. ಮುರಳೀಧರ ಅರ್ಜಿಯನ್ನು ಸಾಹೇಬರ ಮೂಗಿನ ಕೆಳಗೆ ಹಿಡಿದ. ಅವರು ಅದನ್ನು ಪ್ರೀತಿಯಿಂದ ತೆಗೆದುಕೊಂಡು, ಅದರ ಹಿಂಬದಿಯಲ್ಲಿ ಕಾವೇರಿಯ ನಕ್ಷೆ ಬರೆದುಕೊಡುವಂತೆ ಅಂಕಲ್‌ಗೆ ಕೊಟ್ಟರು. ಮುರಳೀಧರ ಕಿತ್ತುಕೊಂಡ.

"ಅಂಕಲ್, ನಿಮ್ಮ ಕಾಲಿಗೆ ಬೀಳ್ತೀನಿ, ಯಾವ್ದೋ ಒಂದೂರು ಹೇಳಿ ಮುಗಿಸಿ!"

"ಹಾಗೆಲ್ಲ ಹೇಳಕ್ಕಾಗತ್ತಾ? ವಂಶದ ವಿಚಾರ ಕಣಯ್ಯ. ಬಾಯಿಗೆ ಬಂದದ್ದು ಹೇಳಿದ್ರೆ ಪಾಪ ಸುತ್ಕೊಳತ್ತೆ. ತಾಳ್ಮೆ ಇರ್ಬೇಕು ಮುರಳಿ, ತಾಳಿದವನು ಬಾಳಿಯಾನು."

ತಾಳಿದರೆ ಬಾಳುವುದು ಹೋಗಲಿ, ದೇಶದಿಂದಲೇ ಓಡಿಸುತ್ತಾರೆ. ಸಿಟ್ಟಿಗೆ ಕಿವಿ ಬಿಸಿಯಾಗಿ ಮುರಳೀಧರ ಹೊರಗೆ ಬಂದ. ಲಾಂಡ್ರಿ ರೂಮಿನಿಂದ ಹೆಂಡತಿ ರಚನಾ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದಳು. ಗಂಡನ ಮುಖ ನೋಡಿ ಬುಟ್ಟಿ ಕೆಳಗಿಟ್ಟಳು. ಅವನು ಹಲ್ಲು ಕಡಿಯುತ್ತ ಎಲ್ಲ ಹೇಳಿದ.

"ಸಹಿ ಆಗ್ಲಿಲ್ವಾ ಇನ್ನೂ? ರೀ, ಅಮೂಲ್ಯಾ ಟೆನ್ತ್ ಗ್ರೇಡ್! ಈಗ ಮಗಳನ್ನ ಕಿತ್ಕೊಂಡು ಹೋಗಿ ಅಲ್ಲಿ ಯಾವ ಸ್ಕೂಲಿಗೆ ಹಾಕ್ತೀರಿ? ಕನ್ನಡ ಓದೋದೇ ಮರೆತಿದಾಳೆ, ಸೆಖೆ ತಡೆಯಲ್ಲ, ನಮ್ಮನ್ನ ಸುಮ್ನೆ ಬಿಡ್ತಾಳಾ?"

"ನಾನೇನ್ ಮಾಡ್ಲಿ ಹೇಳು! ಸತ್ತವನನ್ನ ಎಬ್ಬಿಸಿ ಊರು ಕೇಳ್ಲಾ?"

"ನಿಮ್ಮ ನೆಂಟ ಅಂದ್ಬಿಡಿ."

"ಏನು?"

"ನಮ್ಮ ಅಜ್ಜಿ ಕಡೆಯವರು ಸರ್, ನಾವೂ ನೀವೂ ಸಂಬಂಧ ಅನ್ನಿ. ಏನ್ ನಿಮ್ಮಪ್ಪನ ಮನೆ ಗಂಟು ಹೋಗತ್ತೆ? ನಮ್ಮಪ್ಪ ಟ್ರೈನಲ್ಲಿ ಟಿಕೆಟ್ ಚೆಕ್ ಮಾಡೋರಿಗೆ ನೆಂಟ ಅಂತ ಹೇಳಿ ಬರ್ತ್ ಇಸ್ಕೊಂಡಿಲ್ವಾ? ನೀವು ನನ್ನ ನೋಡಕ್ಕೆ ಬಂದಾಗ ನಿಮ್ಮಮ್ಮ ಐದೇ ನಿಮಿಷದಲ್ಲಿ ನಮ್ಮ ಚಿಕ್ಕಮ್ಮನಿಗೆ ದೂರದ ಅಕ್ಕ ಆಗ್ಲಿಲ್ವಾ? ಎಲ್ಲರೂ ಹೇಳೋದೇ ರೀ. ಯಾರಿದನ್ನ ಬರೆದು ಇಟ್ಕೋತಾರೆ?"

ಮಾತು ಸರಿಯಾಗಿಯೇ ಇತ್ತು. ನಮ್ಮಲ್ಲಿ ನೆಂಟಸ್ತನ ಹಿಡಿಯುವುದೆಂದರೆ ಕಾಫಿ ಕೊಟ್ಟ ಹಾಗೆ. ಕೊಟ್ಟವರೂ ಮರೆಯುತ್ತಾರೆ, ಕುಡಿದವರೂ ಮರೆಯುತ್ತಾರೆ.

ಮುರಳೀಧರ ಒಳಗೆ ನುಗ್ಗಿದ. ಅಂಕಲ್ ಮತ್ತು ವೀರಣ್ಣ ಈಗ ಪೀಟರನ ಊಟದ ಬಗ್ಗೆ ಜಗಳವಾಡುತ್ತಿದ್ದರು, ಮುದ್ದೆಯೋ ರೊಟ್ಟಿಯೋ ಎಂದು. "ಸರ್!" ಎಂದು ಇವನು ಕಿರುಚಿದ. ಎಲ್ಲರೂ ತಿರುಗಿದರು.

"ನನಗೀಗ ನೆನಪಾಯ್ತು. ಬನ್ನೂರಲ್ಲಿ ನಮ್ಮ ಅಜ್ಜಿ ಹೇಳ್ತಿದ್ರು. ಅವರ ವಂಶದಲ್ಲಿ ಹಿಂದೆ ಯಾರೋ ಒಬ್ಬರು ಹಡಗು ಹತ್ತಿ ಹೋದೋರು ವಾಪಸ್ ಬರಲೇ ಇಲ್ವಂತೆ. ಅವರೇ ಪೀಟರ್. ನಾವು, ನೀವು ಒಂದೇ ಮನೆಯವರು ಸರ್."

ತ್ಯಾಗರಾಜರು ತೊಡೆ ತಟ್ಟಿದರು. "ಬನ್ನೂರು! ನಾನ್ ಹೇಳ್ಲಿಲ್ವಾ ಕಾವೇರಿ ಸೀಮೆ ಅಂತ! ಅಜ್ಜಿ ಅಂದ್ರೆ ತಾಯಿಯ ತಾಯಿ ತಾನೇ?" ಬೆರಳು ಮಡಚಿ, ತಲೆಮಾರು ಎಣಿಸಿ, ಕಣ್ಣು ಮುಚ್ಚಿ ತೆರೆದು ತೀರ್ಪು ಕೊಟ್ಟರು. "ವರಸೆಯಲ್ಲಿ ಇವರು ನಿನಗೆ ಸೋದರಮಾವ ಆಗ್ಬೇಕು ಕಣಯ್ಯ!"

ಸೋದರಮಾವ ಎಂದರೇನೆಂದು ಸಾಹೇಬರಿಗೆ ಬಿಡಿಸಿ ಹೇಳಿದ್ದಾಯಿತು. ತಾಯಿಯ ತಮ್ಮ, ತಂದೆಗಿಂತ ಒಂದು ಕೈ ಹೆಚ್ಚು, ಮದುವೆ ಮುಂಜಿಯಲ್ಲಿ ಮುಂದೆ ನಿಲ್ಲಬೇಕಾದವನು. ಆರಡಿ ಎರಡಂಗುಲದ ಮನುಷ್ಯ ಎದ್ದು ಬಂದು ಮುರಳೀಧರನನ್ನು ಅಪ್ಪಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಇವನ ಮುಖ ಅವರ ಕೋಟಿನ ಗುಂಡಿಗೆ ಒತ್ತಿಕೊಂಡಿತ್ತು. ಅಯ್ಯೋ ಪಾಪ ಅನ್ನಿಸಿತು. ನಾಚಿಕೆಯೂ ಆಯಿತು. ಆದರೆ ಗಡಿಯಾರ ಮೂರು ತೋರಿಸುತ್ತಿತ್ತು.

ಶೈಲಜಾ ಆಂಟಿ ಸುಮ್ಮನಿರುತ್ತಾರೆಯೇ? "ಮೊದಲನೇ ಸಲ ಮನೆಗೆ ಬಂದಿದಾರೆ, ಬರಿಗೈಲಿ ಕಳಿಸೋದಾ?" ಎಂದು ಸಾಹೇಬರ ಹಣೆಗೆ ಕುಂಕುಮವಿಟ್ಟು, ಶಾಲು ಹೊದೆಸಿ, ತೆಂಗಿನಕಾಯಿ ಕೊಟ್ಟು, ಕಾಫಿ ಸೋಸಿದರು. "ಹೋಗ್ಲಿ ಬಿಡ್ರಿ, ಮೈಸೂರು ಕಡೆಯವರಾದ್ರೂ ಕನ್ನಡದವರೇ ಅಲ್ರೀ" ಎಂದು ವೀರಣ್ಣ ಕೈ ಕುಲುಕಿದ. ಎಲ್ಲ ಮುಗಿಸಿ ಆಫೀಸಿಗೆ ಮರಳಿದಾಗ ನಾಲ್ಕು ಇಪ್ಪತ್ತು.

ಸಾಹೇಬರು ಶಾಲು ತೆಗೆಯದೆಯೇ ಕೂತರು. ಕನ್ನಡಕ ಹಾಕಿಕೊಂಡರು. ಈಗ ಅಕ್ಷರ ಕಾಣುತ್ತಿತ್ತು. ವಕೀಲೆಯನ್ನು ಫೋನಿನ ಸ್ಪೀಕರಿನಲ್ಲಿಟ್ಟುಕೊಂಡು ಒಂದೊಂದೇ ಪ್ರಶ್ನೆ ಓದುತ್ತ, ಉತ್ತರ ಬರೆಯುತ್ತ ಹೋದರು. ಕಂಪನಿಯ ಹೆಸರು, ವಿಳಾಸ, ಎಷ್ಟು ಜನ, ಯಾವ ಕೆಲಸ. ಒಂದು ಪುಟ ಮುಗಿಯಿತು. ಎರಡು ಮುಗಿಯಿತು. ಮುರಳೀಧರ ಬಾಗಿಲ ಹತ್ತಿರ ನಿಂತು ಗೊತ್ತಿದ್ದ ದೇವರುಗಳನ್ನೆಲ್ಲ ನೆನೆದ. ಮೂರನೆಯ ಪುಟವೂ ಮುಗಿದು, ಸರಿಯಾಗಿ ನಾಲ್ಕು ನಲವತ್ತಕ್ಕೆ ಸಾಹೇಬರು ಕೊನೆಯ ಪುಟಕ್ಕೆ ಬಂದರು.

"ಕಂಪನಿಯ ಮಾಲೀಕರಿಗೂ ಈ ನೌಕರನಿಗೂ ಯಾವುದಾದರೂ ಕುಟುಂಬ ಸಂಬಂಧವಿದೆಯೇ?" ಎಂದು ಗಟ್ಟಿಯಾಗಿ ಓದಿದರು.

"ಇಲ್ಲ ಅಂತ ಗುರುತು ಹಾಕಿ, ಮುಂದಕ್ಕೆ ಹೋಗಿ" ಎಂದಳು ವಕೀಲೆ.

ಸಾಹೇಬರು ಪೆನ್ನು ಕೆಳಗಿಟ್ಟು ಎದ್ದು ನಿಂತರು. "ಇದೆ" ಎಂದರು.

"ಏನಂದ್ರಿ?"

"ಇದೆ. ನಾನು ಇವನ ಸೋದರಮಾವ."

ವಕೀಲೆ, ಇದನ್ನು ಮೊದಲೇ ಏಕೆ ಹೇಳಲಿಲ್ಲ, ಮಾಲೀಕನ ನೆಂಟನಿಗೆಂದೇ ಹುಟ್ಟಿಸಿದ ಕೆಲಸ ಅಂತ ಸರಕಾರ ನೋಡುತ್ತದೆ, ಜಾಹೀರಾತು ಸಂದರ್ಶನ ಎಲ್ಲಕ್ಕೂ ಬೇರೆ ಪುರಾವೆ ಬೇಕು, ತಿಂಗಳುಗಟ್ಟಲೆ ಆಗುತ್ತದೆ, ಇವತ್ತು ಸಾಧ್ಯವೇ ಇಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು.

ಮುರಳೀಧರ ಎರಡೂ ಕೈ ಮುಗಿದು ಕೂಗಿಕೊಂಡ. "ಇಲ್ಲ! ಸರ್, ಇಲ್ಲ! ನಾನು ಸುಳ್ಳು ಹೇಳಿದೆ! ನನಗೂ ನಿಮಗೂ ಯಾವ ಸಂಬಂಧವೂ ಇಲ್ಲ! ನಮ್ಮ ದೇಶದಲ್ಲಿ ಎಲ್ಲರೂ ಎಲ್ಲರಿಗೂ ಹೀಗೇ ಹೇಳ್ತೀವಿ ಸರ್, ಅದು ಬರೀ ಮಾತು! ನಮ್ಮಜ್ಜಿ ಹಡಗಿನ ಹೆಸರೇ ಎತ್ತಿದವಳಲ್ಲ!"

ಸಾಹೇಬರು ಅವನನ್ನು ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅಪಾರವಾದ ಕರುಣೆ ಇತ್ತು. ಹತ್ತಿರ ಬಂದು ಎರಡೂ ಭುಜ ಹಿಡಿದರು.

"ನನಗೆ ಅರ್ಥವಾಗುತ್ತದೆ ಮುರಳಿ. ಒಂದು ಕಾಗದಕ್ಕೋಸ್ಕರ ರಕ್ತಸಂಬಂಧವನ್ನೇ ಇಲ್ಲ ಎನ್ನುತ್ತಿದ್ದೀಯ. ನಮ್ಮ ಮನೆಯವರೂ ಇದನ್ನೇ ಮಾಡಿದರು. ಮುನ್ನೂರು ವರ್ಷ ಆ ಮನುಷ್ಯ ನಮ್ಮವನಲ್ಲ, ಪೋರ್ಚುಗೀಸ್ ಎಂದು ಹೇಳಿಕೊಂಡು ತಿರುಗಿದರು. ಆ ಪಾಪ ನನ್ನ ಕೈಯಿಂದ ಇನ್ನೊಮ್ಮೆ ಆಗದು."

ಮೇಜಿನ ಹತ್ತಿರ ಹೋಗಿ 'ಹೌದು' ಎಂಬ ಚೌಕದಲ್ಲಿ ಕಾಗದ ಹರಿಯುವ ಹಾಗೆ ಗುರುತು ಹಾಕಿ, ಕೆಳಗೆ ದುಂಡಗೆ ಸಹಿ ಮಾಡಿ, ತಾರೀಖು ಬರೆದರು.

ಮುರಳೀಧರನ ಜೇಬಿನಲ್ಲಿ ಫೋನು ಕುಣಿಯಿತು. ರಚನಾ.

"ರೀ, ಸಹಿ ಹಾಕಿದ್ರಾ?"

"ಹಾಕಿದ್ರು."

"ಅಬ್ಬಾ, ದೇವರು ದೊಡ್ಡವನು! ನಾನು ಹೇಳ್ಕೊಟ್ಟಿದ್ದಕ್ಕೇ ಆಗಿದ್ದು ಅಲ್ವಾ?"

"ಹೌದು ಮಹರಾಯ್ತಿ. ಅದಕ್ಕೇ ಆಗಿದ್ದು" ಎಂದು ಫೋನಿಟ್ಟ.

ವಕೀಲೆ ಇನ್ನೂ ಸ್ಪೀಕರಿನಲ್ಲಿದ್ದಳು. ಹೀಗಾದರೆ ಮುಂದಿನ ವರ್ಷ ಈ ಹೊತ್ತಿಗೆ ಇವನು ಊರಿಗೆ ಹೊರಡಬೇಕಾಗುತ್ತದೆ, ಅದು ನಿಮಗೆ ತಿಳಿದಿದೆಯೇ ಎಂದು ಸಾಹೇಬರನ್ನು ಕೇಳಿದಳು.

ಸಾಹೇಬರ ಮುಖ ಅರಳಿತು. "ಹೌದಾ? ಹಾಗಾದರೆ ಒಟ್ಟಿಗೇ ಹೋಗೋಣ! ನಾನೂ ಬನ್ನೂರು ನೋಡಬೇಕು" ಎಂದು ಕಂಪ್ಯೂಟರನ್ನು ಹತ್ತಿರಕ್ಕೆ ಎಳೆದುಕೊಂಡರು. "ಟಿಕೆಟ್ಟಿನ ಖರ್ಚೆಲ್ಲ ನನ್ನದು. ನನಗೆ ಹೋಗಿಬರುವುದಕ್ಕೆ ತೆಗೆಸುತ್ತೇನೆ. ನಿನಗೆ ಹೋಗುವುದಕ್ಕೆ ಮಾತ್ರ ಸಾಕಲ್ಲವೇ?"